ಕರುಳು ವಾಸಿಯಾಗಿದೆ ಅನ್ನುತ್ತಾರೆ, ನನಗೆ ಮಾತ್ರ ಹೊರಗೆ ಕಾಲಿಡಲು ಆಗುತ್ತಿಲ್ಲ

ಪ್ರಶ್ನೆ: ನನಗೆ 34 ವರ್ಷ. ಆರು ವರ್ಷಗಳಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದೆ. ಎರಡು ವರ್ಷದ ಹಿಂದೆ ಕಾಯಿಲೆ ತುಂಬ ಜೋರಾಗಿದ್ದಾಗ ಒಮ್ಮೆ ಬಸ್ಸಿನಲ್ಲೇ ತಡೆಯಲಾಗದೆ ಬಟ್ಟೆ ಹಾಳಾಯಿತು. ಆಮೇಲೆ ಔಷಧಿ ಬದಲಾಯಿಸಿದರು. ಈಗ ಕೊಲೊನೋಸ್ಕೋಪಿಯಲ್ಲಿ ಹುಣ್ಣು ಕಾಣುತ್ತಿಲ್ಲ, ಕರುಳಿನ ಉರಿಯೂತ ತಿಳಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯೂ ಸರಿಯಿದೆ. ಆದರೂ ಹೊರಗೆ ಹೊರಡಬೇಕು ಅಂದರೆ ಹೊಟ್ಟೆ ತೊಳಸುತ್ತದೆ, ಎರಡು ಮೂರು ಸಲ ಶೌಚಾಲಯಕ್ಕೆ ಓಡುತ್ತೇನೆ. ಮಗಳ ಶಾಲೆಯ ಕಾರ್ಯಕ್ರಮಕ್ಕೂ ಹೋಗಲಿಲ್ಲ. ಡಾಕ್ಟರು ಈಗ ಮನಶ್ಶಾಸ್ತ್ರಜ್ಞರನ್ನು ನೋಡಿ ಎಂದಿದ್ದಾರೆ. ಹಾಗಾದರೆ ಇಷ್ಟು ದಿನ ನನಗಿದ್ದದ್ದು ಮನಸ್ಸಿನ ಕಾಯಿಲೆಯೇ? ಮನೆಯವರು ಮೊದಲಿನಿಂದಲೂ ‘ಟೆನ್ಷನ್ ಮಾಡ್ಕೋಬೇಡ, ತಾನೇ ಸರಿಹೋಗುತ್ತೆ’ ಅನ್ನುತ್ತಿದ್ದರು. ಅಲ್ಲಿ ಏನು ಮಾಡುತ್ತಾರೆ? ಔಷಧಿ ನಿಲ್ಲಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಅದು ತಡವಾಗಬಾರದು. ಔಷಧಿ ನಿಲ್ಲಿಸಬೇಡಿ. ಇವತ್ತು ನಿಮ್ಮ ಕರುಳಿನಲ್ಲಿ ಹುಣ್ಣಿಲ್ಲ ಎಂದರೆ ಅದು ಆ ಔಷಧಿಯಿಂದ. ಚೆನ್ನಾಗಿದ್ದೇನೆ ಅಂದುಕೊಂಡು ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಮನಸ್ಸಿನ ಚಿಕಿತ್ಸೆ ಔಷಧಿಯ ಜೊತೆಗೆ ನಡೆಯುವಂಥದ್ದು, ಅದರ ಜಾಗಕ್ಕೆ ಬರುವಂಥದ್ದಲ್ಲ.

ಇನ್ನು ಮೊದಲ ಪ್ರಶ್ನೆ. ನಿಮಗಿರುವುದು ಮನಸ್ಸಿನ ಕಾಯಿಲೆಯಲ್ಲ, ಆರು ವರ್ಷದ ಹಿಂದೆಯೂ ಆಗಿರಲಿಲ್ಲ. ನಿಮ್ಮ ದೇಹದ ರಕ್ಷಣಾ ವ್ಯವಸ್ಥೆ ದೊಡ್ಡ ಕರುಳಿನ ಒಳಪದರದ ಮೇಲೇ ತಿರುಗಿಬಿದ್ದು ಉರಿಯೂತ ಉಂಟುಮಾಡಿತು. ಈ ಕಾಯಿಲೆ ಮತ್ತು ಇದೇ ಗುಂಪಿನ, ಕರುಳಿನಲ್ಲಿ ಉರಿಯೂತ ತರುವ ಕ್ರೋನ್ಸ್ ಕಾಯಿಲೆಯ ಜೊತೆ ನಂಟಿರುವ ಜಾಗಗಳು ನಮ್ಮ ವಂಶವಾಹಿಗಳಲ್ಲಿ 200ಕ್ಕೂ ಹೆಚ್ಚು ಸಿಕ್ಕಿವೆ. ಕರುಳಿನಲ್ಲಿ ವಾಸಿಸುವ ಸೂಕ್ಷ್ಮಾಣುಗಳ ಪಾತ್ರವಿದೆ, ಪರಿಸರದ ಪಾತ್ರವಿದೆ. ಯಾರೋ ಹೆಚ್ಚು ಯೋಚನೆ ಮಾಡಿದ್ದರಿಂದ ಕರುಳಿನಲ್ಲಿ ಹುಣ್ಣಾಗುವುದಿಲ್ಲ.

ಆದರೆ ನಿಮಗೆ ಆ ಅನುಮಾನ ಬಂದದ್ದು ಸುಮ್ಮನೆ ಅಲ್ಲ. ಅದಕ್ಕೊಂದು ಹಳೆಯ ಇತಿಹಾಸವಿದೆ, ಅದರಲ್ಲಿ ಮನಸ್ಸಿನ ಚಿಕಿತ್ಸೆ ಕೊಡುವ ನಮ್ಮ ವೃತ್ತಿಯವರ ತಪ್ಪೂ ಇದೆ. 1950ರ ಸುಮಾರಿಗೆ ಫ್ರಾಂಜ್ ಅಲೆಕ್ಸಾಂಡರ್ ಎಂಬ ಮನೋವಿಶ್ಲೇಷಕರು ಮನಸ್ಸಿನ ಒಳಜಗಳದಿಂದ ಬರುವ ದೈಹಿಕ ಕಾಯಿಲೆಗಳು ಎಂದು ಏಳನ್ನು ಗುರುತಿಸಿದ್ದರು. ಅಲ್ಸರೇಟಿವ್ ಕೊಲೈಟಿಸ್ ಅದರಲ್ಲೊಂದು, ಜಠರದ ಹುಣ್ಣು ಇನ್ನೊಂದು. ಜಠರದ ಹುಣ್ಣಿನ ವಿಷಯದಲ್ಲಿ 1980ರ ದಶಕದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಒಂದು ಬ್ಯಾಕ್ಟೀರಿಯಾದತ್ತ ಬೆರಳು ಮಾಡಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಕೊಲೈಟಿಸ್ ಮನಸ್ಸಿನಿಂದ ಬರುತ್ತದೆ ಎಂಬ ವಾದವೂ ಪರೀಕ್ಷೆಗೆ ನಿಲ್ಲಲಿಲ್ಲ. ಅಷ್ಟರೊಳಗೆ ಎಷ್ಟೋ ರೋಗಿಗಳು ‘ನಿಮ್ಮ ಸ್ವಭಾವವೇ ಹೀಗೆ, ಅದಕ್ಕೇ ಈ ರೋಗ’ ಎಂಬ ಮಾತು ಕೇಳಿ ಮನೆಗೆ ಹೋಗಿದ್ದರು. ಗಾಯದ ಮೇಲೆ ಬರೆ ಎಳೆದ ಹಾಗೆ. ವೈದ್ಯರು ಆ ವಾದ ಕೈಬಿಟ್ಟು ದಶಕಗಳಾದವು, ಮನೆಮಾತಿನಲ್ಲಿ ಮಾತ್ರ ಅದು ಇನ್ನೂ ಉಳಿದಿದೆ. ಮನೆಯವರು ಟೆನ್ಷನ್ ಬಿಡು ಅನ್ನುವುದು ಪ್ರೀತಿಯಿಂದಲೇ ಇರಬಹುದು. ಕೇಳುವವರಿಗೆ ಅದು ‘ತಪ್ಪು ನಿನ್ನದೇ’ ಎಂದು ಕೇಳಿಸುತ್ತದೆ ಅನ್ನುವುದೂ ಅಷ್ಟೇ ನಿಜ.

ಹಾಗಂತ ಮನಸ್ಸಿಗೂ ಕರುಳಿಗೂ ಸಂಬಂಧವೇ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಕರುಳಿನ ಗೋಡೆಯೊಳಗೆ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರದಲ್ಲಿ ಸುಮಾರು ಶೇಕಡ 80ರಷ್ಟು ಎಳೆಗಳು ಸುದ್ದಿ ಒಯ್ಯುವುದು ಕೆಳಗಿನಿಂದ ಮೇಲಕ್ಕೆ. ಅಂದರೆ ಮಿದುಳು ಹೊಟ್ಟೆಗೆ ಹೇಳುವುದಕ್ಕಿಂತ ಹೊಟ್ಟೆ ಮಿದುಳಿಗೆ ಹೇಳುವುದೇ ಜಾಸ್ತಿ. ಗಾಬರಿಯಾದಾಗ ದೊಡ್ಡ ಕರುಳಿನ ಚಲನೆ ಜೋರಾಗುತ್ತದೆ. ಪರೀಕ್ಷೆಯ ದಿನ ಆರೋಗ್ಯವಂತರಿಗೂ ಹೊಟ್ಟೆ ಕೆಡುತ್ತದಲ್ಲ, ಅದೇ. ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ದಾರಿ ಎರಡೂ ಕಡೆಗೆ ಕಂಡಿದೆ. ಉರಿಯೂತ ಹೆಚ್ಚಿದ್ದವರಲ್ಲಿ ಮುಂದೆ ಆತಂಕ ಹೆಚ್ಚಾಯಿತು. ಕಾಯಿಲೆ ಶಾಂತವಾಗಿದ್ದರೂ ಆತಂಕವಿದ್ದವರಲ್ಲಿ ಮುಂದೆ ಕಾಯಿಲೆ ಕೆರಳುವ ಸಂಭವ ಹೆಚ್ಚಿತ್ತು. ಒತ್ತಡ ಈ ರೋಗವನ್ನು ಹುಟ್ಟಿಸುವುದಿಲ್ಲ, ಆದರೆ ಇರುವ ರೋಗ ಕೆರಳುವುದರ ಜೊತೆ ಅದಕ್ಕೆ ನಂಟಿರಬಹುದು, ರೋಗದ ಜೊತೆ ಬದುಕುವುದನ್ನೂ ಅದು ಕಷ್ಟ ಮಾಡುತ್ತದೆ.

ನೀವು ಒಬ್ಬರೇ ಅಲ್ಲ ಎನ್ನುವುದನ್ನೂ ಹೇಳಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಕ್ರೋನ್ಸ್ ಅಥವಾ ಕೊಲೈಟಿಸ್ ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣಗಳು, ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳು ಇದ್ದವು. ಕಾಯಿಲೆ ಕೆರಳಿದ ಹೊತ್ತಿನಲ್ಲಿ ಆತಂಕ ಅರ್ಧಕ್ಕೂ ಹೆಚ್ಚು ಜನರಲ್ಲಿತ್ತು. ಇಷ್ಟು ಸಾಮಾನ್ಯವಾದ ವಿಷಯವನ್ನು ಹೊಟ್ಟೆಯ ಡಾಕ್ಟರು ಪ್ರತಿ ಭೇಟಿಯಲ್ಲೂ ಕೇಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ನಿಮ್ಮ ಡಾಕ್ಟರು ಕೇಳಿದ್ದಾರೆ, ಅದಕ್ಕೆ ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮನ್ನು ಸಾಗಹಾಕಲು ಕಳಿಸುತ್ತಿಲ್ಲ ಅವರು.

ಮನಶ್ಶಾಸ್ತ್ರಜ್ಞರ ಬಾಗಿಲು ತಟ್ಟುವ ಮುಂಚೆ ಒಂದೆರಡು ದೈಹಿಕ ವಿಷಯ ಖಚಿತಪಡಿಸಿಕೊಳ್ಳಿ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿದ್ದರೆ ಸುಸ್ತು, ಎದೆಬಡಿತ, ಬೇಸರ ಎಲ್ಲವೂ ಬರುತ್ತವೆ. ಈ ಕಾಯಿಲೆಯಲ್ಲಿ ಅದು ತೀರ ಸಾಮಾನ್ಯ. ಕ್ರೋನ್ಸ್ ಇದ್ದು ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟವರಲ್ಲಿ ಬಿ12 ಕೂಡ ಇಳಿಯುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆ ನಿದ್ದೆ ಬಾರದಿರುವುದು, ಸಿಡುಕು, ಕಾರಣವಿಲ್ಲದೆ ಅಳು ಬರುವುದು ಆ ಮಾತ್ರೆಯ ಕೆಲಸವೇ ಇರಬಹುದು. ಇದನ್ನೆಲ್ಲ ನೋಡದೆ ನೇರ ಮಾತಿನ ಚಿಕಿತ್ಸೆಗೆ ಕೂರಿಸುವುದು ಸರಿಯಲ್ಲ.

ಪರೀಕ್ಷೆಗಳೆಲ್ಲ ಸರಿಯಿದ್ದೂ ಹೊಟ್ಟೆ ತೊಳಸುವುದೇಕೆ? ಕಾಯಿಲೆ ಶಾಂತವಾಗಿದ್ದವರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಇರಿಟಬಲ್ ಬವೆಲ್ (ಹುಣ್ಣು, ಉರಿಯೂತ ಕಾಣದಿದ್ದರೂ ಹೊಟ್ಟೆನೋವು, ಭೇದಿ, ಶೌಚದ ಅವಸರ ಕಾಡುವ ತೊಂದರೆ) ಥರದ ಲಕ್ಷಣಗಳು ಉಳಿಯುತ್ತವೆ. ವರ್ಷಗಟ್ಟಲೆ ಉರಿಯೂತ ಕಂಡ ಕರುಳಿನ ನರಗಳು ಚುರುಕಾಗಿಬಿಟ್ಟಿರುತ್ತವೆ. ಬೇರೆಯವರಿಗೆ ಗೊತ್ತೇ ಆಗದ ಗಾಳಿ, ಚಲನೆ ನಿಮಗೆ ಅವಸರದ ಸೂಚನೆಯಾಗಿ ತಲುಪುತ್ತದೆ. ಗುದನಾಳದ ಹಿಗ್ಗುವ ಶಕ್ತಿಯೂ ಸ್ವಲ್ಪ ಕುಗ್ಗಿರಬಹುದು. ಇವು ನಿಜವಾದ ದೈಹಿಕ ಬದಲಾವಣೆಗಳು, ಕಲ್ಪನೆಯಲ್ಲ. ಇವುಗಳ ಮೇಲೆ ಭಯ ಬಂದು ಕೂತಾಗ ನೀವು ಬರೆದಿರುವ ಸ್ಥಿತಿ ಉಂಟಾಗುತ್ತದೆ.

ಆ ಭಯದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು, ಏಕೆಂದರೆ ಚಿಕಿತ್ಸೆಯ ತಿರುಳು ಇರುವುದು ಅಲ್ಲೇ.

ಸಾಮಾನ್ಯ ಆತಂಕದ ಚಿಕಿತ್ಸೆಯಲ್ಲಿ ನಾವು ‘ನೀವು ಹೆದರುವಂಥದ್ದು ನಡೆಯುವ ಸಾಧ್ಯತೆ ಎಷ್ಟು?’ ಎಂದು ಕೇಳುತ್ತೇವೆ. ಲಿಫ್ಟಿನಲ್ಲಿ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತೇನು ಅನ್ನುವವರಿಗೆ ಆ ಪ್ರಶ್ನೆ ಸರಿ. ನಿಮಗೆ ಆ ಪ್ರಶ್ನೆ ಕೇಳಿದರೆ ಅದು ಅವಮಾನ. ನೀವು ಹೆದರುವಂಥದ್ದು ಆಗಲೇ ನಡೆದಿದೆ, ತುಂಬಿದ ಬಸ್ಸಿನಲ್ಲಿ, ಹತ್ತಾರು ಜನರ ನಡುವೆ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರೆ. ನಿಮಗೆ ನಿಜಕ್ಕೂ ಹಾವೇ ಕಚ್ಚಿತ್ತು. ‘ಏನೂ ಆಗಲ್ಲ ಹೋಗಿ’ ಎಂದು ನಾನು ಹೇಳಿದರೆ ನೀವು ನಂಬಬಾರದು, ಆ ಮಾತು ಸತ್ಯವಲ್ಲ. ಆದ್ದರಿಂದ ನಾವು ಕೇಳುವ ಪ್ರಶ್ನೆಯೇ ಬೇರೆ. ಒಂದು ವೇಳೆ ಆಯಿತು ಅಂತಿಟ್ಟುಕೊಳ್ಳೋಣ. ಮುಂದಿನ ಹತ್ತು ನಿಮಿಷ ಏನು ಮಾಡುತ್ತೀರಿ? ಚೀಲದಲ್ಲಿ ಏನಿರಬೇಕು? ಯಾರಿಗೆ ಫೋನ್ ಮಾಡುತ್ತೀರಿ? ಮೊದಲು ಹೇಳುವ ವಾಕ್ಯ ಯಾವುದು? ಹೀಗೆ ಒಂದೊಂದೇ ಬರೆದುಕೊಂಡು ಹೋದಾಗ, ‘ಅಲ್ಲಿಗೆ ನನ್ನ ಬದುಕೇ ಮುಗಿಯಿತು’ ಅನ್ನಿಸುತ್ತಿದ್ದ ಘಟನೆ, ತುಂಬ ಕೆಟ್ಟದ್ದಾದರೂ ದಾಟಬಹುದಾದ ಒಂದು ಗಂಟೆಯ ಅಳತೆಗೆ ಬರುತ್ತದೆ.

ಬದಲಿ ಬಟ್ಟೆ ಇಟ್ಟುಕೊಳ್ಳುವುದು, ದಾರಿಯ ಶೌಚಾಲಯಗಳು ಗೊತ್ತಿರುವುದು ಜಾಣತನ. ಇವನ್ನು ಬಿಡಿಸಲು ಯಾವ ಚಿಕಿತ್ಸಕರೂ ಹೊರಡಬಾರದು. ಆದರೆ ಹೊರಡುವ ಹಿಂದಿನ ಸಂಜೆಯಿಂದ ಏನೂ ತಿನ್ನದಿರುವುದು, ನೀರೂ ಕುಡಿಯದಿರುವುದು, ವೈದ್ಯರು ಹೇಳದಿದ್ದರೂ ಭೇದಿ ನಿಲ್ಲುವ ಮಾತ್ರೆ ನುಂಗುವುದು, ಐದನೆಯ ಸಲ ಸುಮ್ಮನೆ ಹೋಗಿ ಕೂತು ಬರುವುದು, ಇವು ಬೇರೆ ಜಾತಿಯವು. ಪ್ರತಿ ಸಲವೂ ಇವು ಮಿದುಳಿಗೆ ‘ಹೊರಗೆ ಅಪಾಯವಿದೆ, ಇಷ್ಟೆಲ್ಲ ಮಾಡಿದ್ದಕ್ಕೇ ಬಚಾವಾದೆ’ ಎಂಬ ಪಾಠ ಕಲಿಸುತ್ತವೆ. ಎರಡನ್ನೂ ಬೇರ್ಪಡಿಸಲು ನಾನು ಬಳಸುವ ಅಳತೆ ಸರಳ: ಈ ತಯಾರಿಯಿಂದ ನೀವು ಹೊರಗೆ ಹೋದಿರಾ, ಇಲ್ಲ ಮನೆಯಲ್ಲೇ ಉಳಿದಿರಾ?

ಆಮೇಲಿನದು ಅಭ್ಯಾಸ. ನನ್ನ ಬಳಿ ಬರುತ್ತಿದ್ದ ಒಬ್ಬರು ಬಾಗಿಲಿಗೆ ಹತ್ತಿರದ ಕುರ್ಚಿ ಬಿಟ್ಟು ಬೇರೆ ಕಡೆ ಕೂರುತ್ತಿರಲಿಲ್ಲ. ಅವರ ಕಾಯಿಲೆಯೂ ನಿಮ್ಮ ಹಾಗೆಯೇ ಪರೀಕ್ಷೆಗಳಲ್ಲಿ ಶಾಂತವಾಗಿತ್ತು. ಮೂರನೆಯ ವಾರ ಮಾತಿನ ಮಧ್ಯೆ ಅವರಿಗೆ ಅವಸರ ಶುರುವಾಯಿತು. ಶೌಚಾಲಯ ಪಕ್ಕದಲ್ಲೇ ಇತ್ತು, ಬೇಕಾದರೆ ಹೋಗಿ ಎಂದೆ. ಇಲ್ಲವೇ ಒಂದು ನಿಮಿಷ ಇದನ್ನು ನೋಡೋಣ ಎಂದು ಗಡಿಯಾರ ಮೇಜಿನ ಮೇಲಿಟ್ಟೆ. ಸೊನ್ನೆಯಿಂದ ಹತ್ತರವರೆಗೆ ಎಷ್ಟಿದೆ ಎಂದು ಅರ್ಧರ್ಧ ನಿಮಿಷಕ್ಕೆ ಕೇಳುತ್ತಾ ಹೋದೆ. ಏಳು, ಎಂಟು, ಒಂಬತ್ತು, ಮತ್ತೆ ಒಂಬತ್ತು. ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು, ಭುಜ ಕಿವಿಯವರೆಗೆ ಏರಿತ್ತು. ಭುಜ ಇಳಿಸಿ, ಹೊಟ್ಟೆ ಬಿಗಿಹಿಡಿಯಬೇಡಿ, ಉಸಿರು ನಿಧಾನವಾಗಿ ಬಿಡಿ ಎಂದಷ್ಟೇ ಹೇಳುತ್ತಿದ್ದೆ. ಎಂಟು. ಆರು. ನಾಲ್ಕನೆಯ ನಿಮಿಷಕ್ಕೆ ಮೂರು ಎಂದು ಹೇಳಿ ಗಡಿಯಾರವನ್ನೇ ನೋಡುತ್ತಾ ಕೂತರು. ಅವಸರ ಅಲೆಯ ಹಾಗೆ ಏರಿ ಇಳಿಯುತ್ತದೆ ಎಂಬುದು ಅವರಿಗೆ ಎರಡು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲ, ಏಕೆಂದರೆ ಇಳಿಯುವವರೆಗೆ ಕಾದದ್ದೇ ಇಲ್ಲ.

ಇಲ್ಲೊಂದು ಎಚ್ಚರಿಕೆ ಬಹಳ ಮುಖ್ಯ. ಈ ಅಭ್ಯಾಸ ಕಾಯಿಲೆ ಶಾಂತವಾಗಿದ್ದಾಗ ಮಾತ್ರ. ಗುದನಾಳದಲ್ಲಿ ಉರಿಯೂತ ಇರುವಾಗಿನ ಅವಸರ ಕಾಯುವುದಿಲ್ಲ, ಕಾಯಿಸಲೂಬಾರದು. ರಕ್ತ ಬೀಳುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ತೂಕ ಇಳಿಯುವುದು ಕಂಡರೆ ಅದು ಭಯವೆಂದು ತಳ್ಳಿಹಾಕದೆ ಹೊಟ್ಟೆಯ ಡಾಕ್ಟರ ಬಳಿ ಹೋಗಿ, ಕ್ಯಾಲ್‌ಪ್ರೊಟೆಕ್ಟಿನ್ ಮತ್ತೆ ಮಾಡಿಸಿ. ಮನಸ್ಸಿನ ಚಿಕಿತ್ಸೆ ನಡೆಯುತ್ತಿದೆ ಎಂಬ ಕಾರಣಕ್ಕೆ ಕೆರಳಿದ ಕಾಯಿಲೆ ಗಮನಕ್ಕೆ ಬಾರದೆ ಹೋಗಬಾರದು.

ಕೋಣೆಯ ಅಭ್ಯಾಸ ಕೈಗೂಡಿದ ಮೇಲೆ ಹೊರಗಿನದು. ಮೊದಲು ಮನೆಯ ಸುತ್ತ ಹತ್ತು ನಿಮಿಷ. ಆಮೇಲೆ ಬಸ್ಸಿನಲ್ಲಿ ಒಂದು ನಿಲ್ದಾಣ, ಇಳಿದು ನಡೆದು ವಾಪಸ್. ಆಮೇಲೆ ಮೂರು ನಿಲ್ದಾಣ. ಯಾವುದು ಕಡಿಮೆ ಕಷ್ಟ, ಯಾವುದು ಹೆಚ್ಚು ಎನ್ನುವ ಪಟ್ಟಿ ನೀವೇ ಮಾಡುತ್ತೀರಿ. ನಿಮ್ಮ ಪಟ್ಟಿಯ ತುದಿಯಲ್ಲಿ ಶಾಲೆಯ ಸಭಾಂಗಣ ಇರುತ್ತದೆ ಎಂದು ನನ್ನ ಊಹೆ. ಅಲ್ಲಿಗೆ ಹಾರಿ ಹೋಗುವ ಅಗತ್ಯವಿಲ್ಲ. ಖಾಲಿ ಸಭಾಂಗಣದಲ್ಲಿ ಐದು ನಿಮಿಷ ಕೂತು ಬಂದರೂ ಅದು ಒಂದು ಮೆಟ್ಟಿಲು.

ನಾನು ವಿವರಿಸಿದ್ದನ್ನು ಅರಿವಿನ ವರ್ತನಾ ಚಿಕಿತ್ಸೆ, ಸಾಮಾನ್ಯವಾಗಿ ಸಿಬಿಟಿ, ಅನ್ನುತ್ತಾರೆ. ವಾರಕ್ಕೊಮ್ಮೆ, ಎಂಟರಿಂದ ಹನ್ನೆರಡು ಭೇಟಿ ಸಾಮಾನ್ಯ. ಬೇರೆ ದಾರಿಗಳೂ ಇವೆ. ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ ಎಂಬುದು, ಕಾಯಿಲೆಯನ್ನು ಸೋಲಿಸುವ ಹೋರಾಟದಲ್ಲೇ ಬದುಕು ಸವೆಸದೆ, ಅದು ಜೊತೆಗಿದ್ದಾಗಲೂ ನಿಮಗೆ ಮುಖ್ಯವಾದದ್ದರ ಕಡೆ ಹೇಗೆ ನಡೆಯಬಹುದು ಎಂದು ಕಲಿಸುತ್ತದೆ. ಎಂಟು ವಾರಗಳ ಇಂಥ ಚಿಕಿತ್ಸೆಯ ಪ್ರಯೋಗವೊಂದು 2019ರಲ್ಲಿ ಪ್ರಕಟವಾಯಿತು. ಈ ಕರುಳಿನ ಕಾಯಿಲೆಗಳಿರುವವರಲ್ಲಿ ಒತ್ತಡ ತಗ್ಗಿತು, ಕಾಯಿಲೆಯ ತೀವ್ರತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಉರಿಯೂತ ಆರಿದ್ದರೂ ಸುಸ್ತು ಬಿಡದವರಿಗೆ, ಶಸ್ತ್ರಚಿಕಿತ್ಸೆಯಾಗಿ ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಹಾಕಿಸಿಕೊಂಡು ತಮ್ಮ ದೇಹವನ್ನೇ ನೋಡಲಾರದವರಿಗೆ ಇದು ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅನುಭವ. ಧ್ಯಾನ ಆಧಾರಿತ ತರಬೇತಿಗಳು ಮನಸ್ಸು ಹಗುರಾಗಲು ಸಹಾಯ ಮಾಡುತ್ತವೆ, ಆದರೆ ಬಸ್ಸು ಹತ್ತುವ ಭಯಕ್ಕೆ ಅದೊಂದೇ ಸಾಲದು.

ಸಂಮೋಹನ ಎಂದ ಕೂಡಲೇ ಜನ ಹುಬ್ಬೇರಿಸುತ್ತಾರೆ. ಕರುಳಿಗೆಂದೇ ರೂಪಿಸಿದ ಸಂಮೋಹನ ಚಿಕಿತ್ಸೆ ಆಟವಲ್ಲ. 1984ರಲ್ಲಿ ಮ್ಯಾಂಚೆಸ್ಟರಿನ ಪೀಟರ್ ವಾರ್ವೆಲ್ ಮತ್ತು ಸಂಗಡಿಗರು ಇರಿಟಬಲ್ ಬವೆಲ್ ಇದ್ದ 30 ಜನರಲ್ಲಿ ಇದರ ಫಲ ತೋರಿಸಿದರು, ಆ ಕಾಯಿಲೆಗೆ ಇವತ್ತು ಇದು ಒಪ್ಪಿತ ಚಿಕಿತ್ಸೆ. ಕೊಲೈಟಿಸ್ ಶಾಂತವಾಗಿದ್ದ 54 ಜನರ ಪ್ರಯೋಗವೊಂದು 2013ರಲ್ಲಿ ಬಂತು: ಒಂದು ವರ್ಷದ ಕೊನೆಗೆ ಸಂಮೋಹನ ಪಡೆದವರಲ್ಲಿ ಶೇಕಡ 68 ಮಂದಿಗೆ, ಪಡೆಯದವರಲ್ಲಿ ಶೇಕಡ 40 ಮಂದಿಗೆ ಕಾಯಿಲೆ ಮರುಕಳಿಸದೆ ಉಳಿದಿತ್ತು. ಓದಿದಾಗ ಖುಷಿಯಾಗುತ್ತದೆ. ಆದರೆ 54 ಜನ ಸಣ್ಣ ಸಂಖ್ಯೆ. ಶಾಂತ ಸ್ಥಿತಿಯಲ್ಲೂ ಉಳಿಯುವ ಇರಿಟಬಲ್ ಬವೆಲ್ ಲಕ್ಷಣಗಳಿಗೆ ಇದನ್ನು ಕೊಟ್ಟು ನೋಡಿದ ಮತ್ತೊಂದು ಪ್ರಯೋಗದಲ್ಲಿ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಚೆನ್ನಾಗಿ ತರಬೇತಾದವರು ಸಿಕ್ಕರೆ ಪ್ರಯತ್ನಿಸಿ, ಪವಾಡ ನಿರೀಕ್ಷಿಸಬೇಡಿ.

ಒಟ್ಟಾರೆ ಸಾಕ್ಷ್ಯ ಏನು ಹೇಳುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಹಲವು ಪ್ರಯೋಗಗಳನ್ನು ಕೂಡಿಸಿ ನೋಡಿದ 2023ರ ವಿಶ್ಲೇಷಣೆಯಲ್ಲಿ ಮನಸ್ಸಿನ ಚಿಕಿತ್ಸೆಗಳಿಂದ ಆತಂಕ, ಖಿನ್ನತೆ, ಒತ್ತಡ ಇಳಿದು ಬದುಕಿನ ಗುಣಮಟ್ಟ ಏರಿದ್ದು ಕಂಡಿದೆ. ಉರಿಯೂತ ಕಡಿಮೆಯಾಗುತ್ತದೆ, ಕಾಯಿಲೆ ಮರುಕಳಿಸುವುದು ತಪ್ಪುತ್ತದೆ ಎಂಬುದು ಸಾಬೀತಾಗಿಲ್ಲ. ಲಾಭ ತಿಂಗಳುಗಳು ಕಳೆದಂತೆ ಸವಕಳಿಯಾಗುವುದೂ ಉಂಟು, ಆದ್ದರಿಂದ ಮುಗಿದ ಮೇಲೂ ಆಗೊಮ್ಮೆ ಈಗೊಮ್ಮೆ ಹೋಗಿ ಬರುವುದು ಒಳ್ಳೆಯದು. ‘ನಮ್ಮಲ್ಲಿ ಬಂದರೆ ಕೊಲೈಟಿಸ್ಸೇ ವಾಸಿಯಾಗುತ್ತದೆ, ಔಷಧಿ ಬಿಡಿಸುತ್ತೇವೆ’ ಅನ್ನುವವರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ. ಹುಣ್ಣು ಮಾಯಿಸುವುದು ಔಷಧಿಯ ಕೆಲಸ. ಹುಣ್ಣು ಮಾಯ್ದ ಮೇಲೂ ಮುದುಡಿಕೊಂಡೇ ಉಳಿದಿರುವ ನಿಮ್ಮ ದಿನಗಳನ್ನು ಬಿಡಿಸಿ ಹರಡುವುದು ನಮ್ಮ ಕೆಲಸ. ನನ್ನ ಮಟ್ಟಿಗೆ ಅದು ಸಣ್ಣದಲ್ಲ.

ಅಪಾಯಿಂಟ್‌ಮೆಂಟ್ ಸಿಗುವವರೆಗೆ ಒಂದನ್ನು ಮನೆಯಲ್ಲೇ ಶುರು ಮಾಡಬಹುದು. ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ ಇಡಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆಯಿರಿ. ಏಳಬೇಕಾದದ್ದು ಹೊಟ್ಟೆಯ ಮೇಲಿನ ಕೈ, ಎದೆಯ ಮೇಲಿನದು ಹೆಚ್ಚು ಕದಲಬಾರದು. ಆರು ಎಣಿಸುವಷ್ಟು ಹೊತ್ತು ಬಿಡಿ. ಐದು ನಿಮಿಷ, ದಿನಕ್ಕೆ ಎರಡು ಸಲ. ಹೊಟ್ಟೆ ಆರಾಮಾಗಿರುವಾಗಲೇ ಕಲಿಯಿರಿ. ಗಾಬರಿಯ ಗಳಿಗೆಯಲ್ಲಿ ಮೊದಲ ಸಲ ಮಾಡಹೊರಟರೆ ಕೈಗೆ ಸಿಗುವುದಿಲ್ಲ. ಇದರ ಜೊತೆ ಎರಡು ವಾರ ಚಿಕ್ಕ ಪುಸ್ತಕವೊಂದರಲ್ಲಿ, ಅವಸರ ಬಂದಾಗ ಎಲ್ಲಿದ್ದಿರಿ, ತಲೆಯಲ್ಲಿ ಯಾವ ಯೋಚನೆ ಓಡಿತು, ನಿಜವಾಗಿ ಮಲ ಬಂತೇ ಇಲ್ಲವೇ ಎಂದು ಒಂದು ಸಾಲು ಬರೆದಿಡಿ. ಮೊದಲ ಭೇಟಿಗೆ ಅದನ್ನೇ ತೆಗೆದುಕೊಂಡು ಹೋದರೆ ಅರ್ಧ ಕೆಲಸ ಆದಂತೆ.

ಬೇಸರ ಎರಡು ವಾರ ಬಿಡದೆ ಕಾಡುತ್ತಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿದಿಲ್ಲದಿದ್ದರೆ, ಮನೋವೈದ್ಯರನ್ನೂ ಕಾಣಬೇಕು. ಖಿನ್ನತೆಗೆ ಕೊಡುವ ಔಷಧಿಗಳನ್ನು ಕರುಳಿನ ಔಷಧಿಗಳ ಜೊತೆ ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬಹುದು. ಸಾಯುವ ಯೋಚನೆ ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯುತ್ತಾ ಕೂರಬೇಡಿ. ಅವತ್ತೇ ಹತ್ತಿರದವರಿಗೆ ಬಾಯಿಬಿಟ್ಟು ಹೇಳಿ, ತುರ್ತು ಚಿಕಿತ್ಸೆಗೆ ಹೋಗಿ.

ಮನೆಯವರ ವಿಷಯ. ಒಂದು ಭೇಟಿಗೆ ಅವರಲ್ಲಿ ಯಾರನ್ನಾದರೂ ಕರೆದುಕೊಂಡು ಹೋಗಿ. ‘ಟೆನ್ಷನ್ ಮಾಡ್ಕೋಬೇಡ’ ಅನ್ನುವ ಬದಲು ‘ಈಗ ಎಷ್ಟಿದೆ, ಹತ್ತರಲ್ಲಿ?’ ಎಂದು ಕೇಳಲು ಅವರಿಗೆ ಕಲಿಸಬಹುದು. ಎಷ್ಟೋ ಮನೆಗಳಲ್ಲಿ ಇದೊಂದು ಪ್ರಶ್ನೆಯಿಂದ ಮಾತು ಮತ್ತೆ ಶುರುವಾದದ್ದನ್ನು ಕಂಡಿದ್ದೇನೆ.

ಮನಶ್ಶಾಸ್ತ್ರಜ್ಞರನ್ನು ಆಯ್ಕೆ ಮಾಡುವಾಗ ದೀರ್ಘಕಾಲದ ದೈಹಿಕ ಕಾಯಿಲೆ ಇರುವವರ ಜೊತೆ ಕೆಲಸ ಮಾಡಿದ ಅನುಭವ ಇದೆಯೇ ಎಂದು ಕೇಳಿ. ಕೊಲೈಟಿಸ್ ಅಂದರೇನು ಎಂದು ನೀವೇ ಪಾಠ ಹೇಳಬೇಕಾಗಿ ಬಂದರೆ ಬೇರೆಯವರನ್ನು ಹುಡುಕಿ. ದಾರಿಯೇ ದೊಡ್ಡ ಕಷ್ಟವಾದರೆ ಮೊದಲ ಕೆಲವು ಭೇಟಿ ವಿಡಿಯೋ ಕರೆಯಲ್ಲಾದರೂ ಆದೀತು. ನೇರವಾಗಿ ಹೋದ ದಿನ ಕೂರುವ ಮುಂಚೆಯೇ ಶೌಚಾಲಯ ಎಲ್ಲಿದೆ ಎಂದು ಕೇಳಿ, ಬಾಗಿಲ ಹತ್ತಿರದ ಕುರ್ಚಿ ಬೇಕಿದ್ದರೆ ಅದರಲ್ಲೇ ಕೂರಿ. ಮಧ್ಯದಲ್ಲಿ ಎದ್ದು ಹೋಗಬೇಕಾದರೆ ಒಪ್ಪಿಗೆ ಕೇಳುವುದು ಬೇಡ, ಕ್ಷಮೆ ಕೇಳುವುದೂ ಬೇಡ. ವಾಪಸ್ ಬಂದು, ಮಾತು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿ.